ನಂಬರಿಲ್ಲದ ಬಂಡಿ, ಹೆಸರಿಲ್ಲದ ಹೊಣೆ: ನಿವೃತ್ತರ ಊರುಗಳಲ್ಲಿ ಗಾಲ್ಫ್ ಕಾರ್ಟ್ ನೋಂದಣಿಯ ಪ್ರಶ್ನೆ

ಅಮೆರಿಕದ ಫ್ಲಾರಿಡಾ ರಾಜ್ಯದ ನಡುಭಾಗದಲ್ಲಿ ಸಮ್ಟರ್, ಲೇಕ್ ಮತ್ತು ಮೇರಿಯನ್ ಎಂಬ ಮೂರು ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಿಗೆ) ಹರಡಿಕೊಂಡಿರುವ ‘ದಿ ವಿಲೇಜಸ್’ ನಿವೃತ್ತರಿಗಾಗಿಯೇ ಕಟ್ಟಿದ ವಸತಿ ಪ್ರದೇಶಗಳಲ್ಲಿ ಅತ್ಯಂತ ದೊಡ್ಡದೆಂದು ಹೆಸರಾಗಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 79,000. ಗಾಲ್ಫ್ ಕಾರ್ಟುಗಳು ಓಡಾಡಲೆಂದು ಅಲ್ಲಿ 100 ಮೈಲಿಗೂ ಹೆಚ್ಚು ಉದ್ದದ ದಾರಿಗಳಿವೆ. ಹೆದ್ದಾರಿಗಳ ಅಡಿಯಲ್ಲಿ ಸುರಂಗಗಳಿವೆ, ಮೇಲೆ ಸೇತುವೆಗಳಿವೆ. ಜನರು ಬ್ಯಾಂಕಿಗೆ, ಔಷಧದ ಅಂಗಡಿಗೆ, ಚರ್ಚಿಗೆ, ವೈದ್ಯರ ಬಳಿಗೆ, ಸಂಜೆ ಚೌಕದಲ್ಲಿ ನಡೆಯುವ ಸಂಗೀತಕ್ಕೆ ಹೋಗಿಬರುವುದೂ ಇದೇ ಪುಟ್ಟ ಬಂಡಿಗಳಲ್ಲಿ. 2005ರಲ್ಲಿ 3,321 ಕಾರ್ಟುಗಳ ಮೆರವಣಿಗೆ ನಡೆಸಿ ಈ ಊರು ವಿಶ್ವದಾಖಲೆಯನ್ನೇ ಬರೆಯಿತು. ಆದರೆ ಫ್ಲಾರಿಡಾದ ಕಾನೂನಿನ ಪ್ರಕಾರ ಇಂಥ ಕಾರ್ಟಿಗೆ ನಂಬರ್ ಪ್ಲೇಟ್ ಬೇಕಾಗಿಲ್ಲ, ನೋಂದಣಿಯೂ ಬೇಕಾಗಿಲ್ಲ. ಅದೇ ಕಾರ್ಟನ್ನು ಅರಿಜೋನಾದ ಸನ್ ಸಿಟಿಗೆ, ಅಂದರೆ ಕಟ್ಟಡ ಉದ್ಯಮಿ ಡೆಲ್ ವೆಬ್ 1960ರ ಜನವರಿ 1ರಂದು ತೆರೆದ ಆ ಹೆಸರಾಂತ ನಿವೃತ್ತರ ಊರಿಗೆ, ಒಯ್ದು ಸಾರ್ವಜನಿಕ ರಸ್ತೆಗೆ ಇಳಿಸಬೇಕೆಂದರೆ ನೋಂದಣಿ, ನಂಬರ್ ಪ್ಲೇಟ್, ವಿಮೆ ಮೂರೂ ಬೇಕು. ಬಂಡಿ ಒಂದೇ, ಬಳಸುವವರ ವಯಸ್ಸೂ ಹೆಚ್ಚುಕಡಿಮೆ ಒಂದೇ, ಕಾನೂನು ಮಾತ್ರ ಎರಡು ದಿಕ್ಕಿಗೆ ಮುಖ ಮಾಡಿದೆ. ನಿವೃತ್ತರ ಊರುಗಳಲ್ಲಿ ಕಾರ್ಟುಗಳಿಗೆ ನೋಂದಣಿ ಕಡ್ಡಾಯವಾಗಬೇಕೆ ಎಂಬ ವಾದ ಮತ್ತೆ ಮತ್ತೆ ಏಳುವುದು ಈ ಬಿರುಕಿನಿಂದ.

ಫ್ಲಾರಿಡಾದ ಕಾನೂನು ಗಾಲ್ಫ್ ಕಾರ್ಟನ್ನು ಗುರುತಿಸುವುದು ಮುಖ್ಯವಾಗಿ ವೇಗದಿಂದ. ಗಾಲ್ಫ್ ಮೈದಾನದ ಬಳಕೆಗೆಂದು ತಯಾರಾದ, ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್, ವೇಗವನ್ನು ಮೀರಲಾಗದ ವಾಹನ ಗಾಲ್ಫ್ ಕಾರ್ಟ್. ಸ್ಥಳೀಯ ಆಡಳಿತ ಗೊತ್ತುಪಡಿಸಿದ ರಸ್ತೆಗಳಲ್ಲಿ ಅದು ನಿಯಮಕ್ಕೆ ಅನುಗುಣವಾಗಿ ಓಡಾಡುವವರೆಗೆ ರಾಜ್ಯದ ವಾಹನ ನೋಂದಣಿ ಕಾಯ್ದೆ ಅದಕ್ಕೆ ವಿನಾಯಿತಿ ಕೊಡುತ್ತದೆ. ಇದೇ ಆಕಾರದ ಇನ್ನೊಂದು ವಾಹನ ಗಂಟೆಗೆ 20 ಮೈಲಿಗಿಂತ ಹೆಚ್ಚು, 25 ಮೈಲಿಯವರೆಗೆ ಓಡಬಲ್ಲದಾದರೆ ಅದರ ಜಾತಿಯೇ ಬದಲಾಗುತ್ತದೆ. ಒಕ್ಕೂಟ ಸರ್ಕಾರ 1998ರಲ್ಲಿ ರೂಪಿಸಿದ ಸುರಕ್ಷತಾ ಮಾನದಂಡದ ಪ್ರಕಾರ ಅದು ‘ಕಡಿಮೆ ವೇಗದ ವಾಹನ’. ಅದಕ್ಕೆ ಸೀಟ್ ಬೆಲ್ಟ್, ಹೆಡ್‌ಲೈಟ್, ಬ್ರೇಕ್ ದೀಪ, ತಿರುವಿನ ಸೂಚಕ, ಮುಂಗಾಜು, ವಾಹನ ಗುರುತಿನ ಸಂಖ್ಯೆ ಇವೆಲ್ಲ ಇರಬೇಕು. ಫ್ಲಾರಿಡಾದಲ್ಲಿ ಅದನ್ನು ನೋಂದಾಯಿಸಬೇಕು, ಮಾಲೀಕತ್ವದ ಪತ್ರ ಪಡೆಯಬೇಕು, ವಿಮೆ ಮಾಡಿಸಬೇಕು; ಓಡಿಸುವವರಿಗೆ ಚಾಲನಾ ಪರವಾನಗಿ ಇರಬೇಕು.

ಈ ಗೆರೆ ಕಾಗದದ ಮೇಲೆ ಸ್ಪಷ್ಟವಾಗಿದೆ, ರಸ್ತೆಯ ಮೇಲೆ ಕಾಣಿಸುವುದಿಲ್ಲ. ವಿದ್ಯುತ್ ಕಾರ್ಟಿನ ವೇಗವನ್ನು ನಿರ್ಧರಿಸುವುದು ಅದರೊಳಗಿನ ನಿಯಂತ್ರಕ. ಅದರ ಹೊಂದಿಕೆಯನ್ನು ಬದಲಿಸಿದರೆ, ಅಥವಾ ಪೆಟ್ರೋಲ್ ಕಾರ್ಟಿನಲ್ಲಿ ವೇಗಕ್ಕೆ ಮಿತಿ ಹಾಕುವ ‘ಗವರ್ನರ್’ ಎಂಬ ಭಾಗವನ್ನು ಸಡಿಲಿಸಿದರೆ, ಹೊರಗಿನ ರೂಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದೆ ಬಂಡಿ 20 ಮೈಲಿಯ ಗೆರೆ ದಾಟುತ್ತದೆ. ಆ ಕ್ಷಣದಿಂದ ಅದು ಕಾನೂನಿನ ಕಣ್ಣಿನಲ್ಲಿ ನೋಂದಣಿಯಿಲ್ಲದೆ ಓಡುತ್ತಿರುವ ಕಡಿಮೆ ವೇಗದ ವಾಹನ, ಮಾಲೀಕ ದಂಡಕ್ಕೆ ಅರ್ಹ. ಹೀಗೆ ವೇಗ ಹೆಚ್ಚಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ತಾವು ಬೇರೊಂದು ವರ್ಗಕ್ಕೆ ಸೇರಿದ್ದೇವೆಂಬ ಅರಿವೇ ಇರುವುದಿಲ್ಲ. ಆದ್ದರಿಂದ ‘ಈಗಿನ ಕಾನೂನೇ ಸಾಕು’ ಎನ್ನುವವರು ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಈಗಿನ ಕಾನೂನು ನಿಂತಿರುವುದು ವೇಗ ಅಳೆಯುವ ಯಂತ್ರ ಹಿಡಿದ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಸಿಬ್ಬಂದಿಯೊಬ್ಬರು ಸರಿಯಾದ ಹೊತ್ತಿನಲ್ಲಿ ಸರಿಯಾದ ತಿರುವಿನಲ್ಲಿ ಇರುತ್ತಾರೆಂಬ ನಂಬಿಕೆಯ ಮೇಲೆ.

ವಾದ ಗೋಜಲಾಗುವುದು ‘ನೋಂದಣಿ’ ಎಂಬ ಒಂದೇ ಪದದೊಳಗೆ ಬೇರೆಬೇರೆ ಸಂಗತಿಗಳು ತುಂಬಿಕೊಂಡಿರುವುದರಿಂದ. ಒಬ್ಬರು ಆ ಪದವನ್ನು ಬಳಸುವಾಗ ಅವರ ಮನಸ್ಸಿನಲ್ಲಿರುವುದು ಬಂಡಿಯ ಮೇಲೊಂದು ಸಂಖ್ಯೆ. ಇನ್ನೊಬ್ಬರಿಗೆ ಅದರ ಅರ್ಥ ಕಡ್ಡಾಯ ವಿಮೆ. ಮತ್ತೊಬ್ಬರಿಗೆ ಅದು ಓಡಿಸುವವರ ದೃಷ್ಟಿ, ಕೈಕಾಲಿನ ಚುರುಕು, ನೆನಪಿನ ಶಕ್ತಿಯನ್ನು ಸರ್ಕಾರ ಪರೀಕ್ಷಿಸುವ ಏರ್ಪಾಡು. ಮೊದಲನೆಯದು ಬಂಡಿಗೆ, ಎರಡನೆಯದು ಹಣಕ್ಕೆ, ಮೂರನೆಯದು ಮನುಷ್ಯನಿಗೆ ಸಂಬಂಧಿಸಿದ್ದು. ಸನ್ ಸಿಟಿಯಲ್ಲಿ ಇವೆಲ್ಲ ಒಂದೇ ಕಟ್ಟಾಗಿ ಬರುತ್ತವೆ: ಸಾರ್ವಜನಿಕ ರಸ್ತೆಯಲ್ಲಿ ಕಾರ್ಟ್ ಓಡಿಸಲು ಅಲ್ಲಿ ಚಾಲನಾ ಪರವಾನಗಿಯೂ ಬೇಕು. ಆದರೆ ಅವು ಒಟ್ಟಿಗೇ ಬರಬೇಕೆಂಬ ನಿಯಮ ಪ್ರಕೃತಿಯದಲ್ಲ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆಯೇ ಉತ್ತರ ದೊರೆಯುತ್ತದೆಂಬುದು ನನ್ನ ಅಭಿಪ್ರಾಯ.

ನೋಂದಣಿಯಿಂದ ಅಪಘಾತ ಕಡಿಮೆಯಾಗುತ್ತದೆ ಎಂಬುದು ಅದರ ಪರವಾಗಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು, ಮತ್ತು ಎಲ್ಲಕ್ಕಿಂತ ದುರ್ಬಲವಾದ ಮಾತು. 1990ರಿಂದ 2006ರವರೆಗಿನ ತುರ್ತು ಚಿಕಿತ್ಸಾ ವಿಭಾಗಗಳ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಅವಧಿಯಲ್ಲಿ ಅಮೆರಿಕದಾದ್ಯಂತ ಗಾಲ್ಫ್ ಕಾರ್ಟುಗಳಿಂದ ಸುಮಾರು 1,48,000 ಮಂದಿಗೆ ಗಾಯಗಳಾದವೆಂದು ಅಂದಾಜಿಸಿತು. ವರ್ಷವೊಂದರ ಗಾಯಗಳ ಸಂಖ್ಯೆ ಅಷ್ಟರಲ್ಲಿ ದುಪ್ಪಟ್ಟಿಗೂ ಮಿಗಿಲಾಗಿತ್ತು. ಗಾಯಕ್ಕೆ ಅತ್ಯಂತ ಸಾಮಾನ್ಯ ಕಾರಣ ಡಿಕ್ಕಿಯಲ್ಲ, ಕಾರ್ಟಿನಿಂದ ಬೀಳುವುದು. ಬಂಡಿಯ ರಚನೆಯನ್ನು ಗಮನಿಸಿದರೆ ಇದು ಆಶ್ಚರ್ಯವಲ್ಲ. ಬಾಗಿಲಿಲ್ಲ, ಹೆಚ್ಚಿನ ಕಾರ್ಟುಗಳಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ. ಪಕ್ಕದಲ್ಲಿ ಸೊಂಟದ ಮಟ್ಟಕ್ಕೆ ಒಂದು ಚಿಕ್ಕ ಹಿಡಿ, ಅಷ್ಟೆ. ಚಾಲಕ ಎಡಕ್ಕೆ ಜೋರಾಗಿ ತಿರುಗಿಸಿದಾಗ ಬಲಬದಿಯಲ್ಲಿ ಕುಳಿತವರ ದೇಹ ಹೊರಕ್ಕೆ ವಾಲುತ್ತದೆ, ಆ ಗಿಡ್ಡ ಹಿಡಿಯ ಮೇಲಿಂದ ಮಗುಚಿ ತಲೆ ಮುಂದಾಗಿ ರಸ್ತೆಗೆ ಬೀಳುವ ಸಂಭವವಿರುತ್ತದೆ. ಅನೇಕ ಕಾರ್ಟುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದರೆ ಹಿಂಭಾಗ ಜಾರಿ ಬಂಡಿ ಅಡ್ಡ ತಿರುಗಬಹುದು. ಎಪ್ಪತ್ತೈದು ದಾಟಿದವರ ಎಲುಬಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ, ಅಂಥ ಒಂದು ಬೀಳು ಯೌವನದವರಿಗೆ ಆಗುವುದಕ್ಕಿಂತ ಎಷ್ಟೋ ಪಾಲು ಭೀಕರ.

ಇದಾವುದನ್ನೂ ಹಿಂಬದಿಗೆ ತಗುಲಿಸಿದ ಒಂದು ತಗಡು ತಡೆಯುವುದಿಲ್ಲ. ತಡೆಯುವುದು ಸೀಟ್ ಬೆಲ್ಟ್, ನಾಲ್ಕೂ ಚಕ್ರಕ್ಕೆ ಬ್ರೇಕ್, ತಿರುವಿನಲ್ಲಿ ನಿಧಾನ, ಕಾರುಗಳಿಂದ ಬೇರ್ಪಟ್ಟ ದಾರಿ. ನೋಂದಣಿಯ ವಿರೋಧಿಗಳು ಇದನ್ನೇ ಎತ್ತಿ ತೋರಿಸುತ್ತಾರೆ, ಮತ್ತು ಈ ಮಟ್ಟಿಗೆ ಅವರು ಹೇಳುವುದು ನಿಜ. ನೋಂದಣಿಯನ್ನು ಬಯಸುವವರು ಸುರಕ್ಷತೆಯ ಹೆಸರಿನಲ್ಲಿ ಅದನ್ನು ಕೇಳುವುದನ್ನು ಬಿಟ್ಟು, ಅದು ನಿಜಕ್ಕೂ ಮಾಡಬಲ್ಲ ಕೆಲಸದ ಹೆಸರಿನಲ್ಲಿ ಕೇಳುವುದು ಒಳ್ಳೆಯದು.

ಆ ಕೆಲಸ ಆರಂಭವಾಗುವುದು ಅಪಘಾತ ಮುಗಿದ ಮೇಲೆ. ಕಾರ್ಟಿನ ದಾರಿಯಲ್ಲಿ ನಡೆದು ಹೋಗುತ್ತಿದ್ದ ವೃದ್ಧೆಯೊಬ್ಬರಿಗೆ ಹಿಂದಿನಿಂದ ಕಾರ್ಟೊಂದು ತಗುಲಿ, ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ಭಾವಿಸೋಣ. ಬಂಡಿ ನಿಲ್ಲಲಿಲ್ಲ. ನೋಡಿದ ಸಾಕ್ಷಿ ಏನು ಹೇಳಬಲ್ಲರು? ಬಿಳಿ ಚಾವಣಿ, ಕಂದು ಬಣ್ಣದ ಸೀಟು, ಇಬ್ಬರು ಕುಳಿತಿದ್ದರು. ಸಾವಿರಾರು ಕಾರ್ಟುಗಳಿರುವ ಊರಿನಲ್ಲಿ ಈ ವರ್ಣನೆ ಯಾರಿಗೆ ಹೊಂದುವುದಿಲ್ಲ? ಕಾರಾಗಿದ್ದರೆ ಮೂರು ಅಕ್ಷರ, ಎರಡು ಅಂಕಿ ನೆನಪಿದ್ದರೂ ಪೊಲೀಸರು ಮುಂದಿನ ದಾರಿ ಹುಡುಕಿಕೊಳ್ಳುತ್ತಿದ್ದರು.

ಇಲ್ಲಿ ಫ್ಲಾರಿಡಾದ ಕಾನೂನಿನಲ್ಲಿಯೇ ಒಂದು ವಿಚಿತ್ರ ಕಂದರವಿದೆ. ಕಾರು ಅಪಾಯಕಾರಿ ಸಾಧನವಾದ್ದರಿಂದ ಅದನ್ನು ಬೇರೆಯವರ ಕೈಗೆ ಕೊಟ್ಟ ಮಾಲೀಕ, ಓಡಿಸಿದವರ ಅಜಾಗರೂಕತೆಗೂ ಹೊಣೆಯಾಗುತ್ತಾನೆ ಎಂಬ ತತ್ತ್ವವನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1920ರಲ್ಲಿಯೇ ಸ್ಥಾಪಿಸಿತ್ತು. 1984ರಲ್ಲಿ, ಮೈಸ್ಟರ್ ಮತ್ತು ಫಿಶರ್ ನಡುವಣ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಆ ತತ್ತ್ವವನ್ನು ಗಾಲ್ಫ್ ಕಾರ್ಟಿಗೂ ಅನ್ವಯಿಸಿತು. ಎಂದರೆ, ಊರಿಗೆ ಬಂದ ಮೊಮ್ಮಗನಿಗೆ ಅಜ್ಜ ಕಾರ್ಟಿನ ಕೀಲಿ ಕೊಟ್ಟು, ಮೊಮ್ಮಗ ಯಾರಿಗಾದರೂ ಗುದ್ದಿದರೆ, ಮನೆಯಲ್ಲಿ ಕುಳಿತಿದ್ದ ಅಜ್ಜನೂ ಹೊಣೆ. ಹೊಣೆಗಾರಿಕೆಯ ಮಟ್ಟಿಗೆ ನ್ಯಾಯಾಲಯ ಕಾರ್ಟನ್ನು ಕಾರಿನ ಸಾಲಿನಲ್ಲಿ ನಿಲ್ಲಿಸಿದೆ. ಆದರೆ ಹೊಣೆಗಾರ ಯಾರೆಂದು ಪತ್ತೆ ಹಚ್ಚುವ ಸಾಧನವನ್ನು ಶಾಸನ ಕೊಟ್ಟಿಲ್ಲ, ಆ ಹೊಣೆಯನ್ನು ತೀರಿಸಲು ಬೇಕಾದ ವಿಮೆಯನ್ನೂ ಕಡ್ಡಾಯ ಮಾಡಿಲ್ಲ. ಮನೆಯ ವಿಮೆಯೇ ಸಾಕೆಂದು ನಂಬಿದವರು ಕರಾರಿನ ಸಣ್ಣ ಅಕ್ಷರಗಳನ್ನು ಓದಿದರೆ, ಮನೆಯ ಆವರಣದ ಆಚೆ, ಸಾರ್ವಜನಿಕ ರಸ್ತೆಯಲ್ಲಿ ಆದದ್ದಕ್ಕೆ ಆ ರಕ್ಷಣೆ ಅನ್ವಯಿಸದಿರುವ ಸಾಧ್ಯತೆ ಕಾಣುತ್ತದೆ. ಪೆಟ್ಟು ತಿಂದವರಿಗೆ ಹಕ್ಕಿದೆ, ಆ ಹಕ್ಕನ್ನು ಯಾರ ಬಾಗಿಲಿಗೆ ಕೊಂಡೊಯ್ಯಬೇಕೆಂಬುದಕ್ಕೆ ವಿಳಾಸವಿಲ್ಲ. ನನ್ನ ಮಟ್ಟಿಗೆ ನೋಂದಣಿಯ ಪರವಾದ ಅತ್ಯಂತ ಗಟ್ಟಿ ಕಾರಣ ಇದು. ಉಳಿದವೆಲ್ಲ ಇದರ ಹಿಂದೆ ನಿಲ್ಲುವಂಥವು.

ಕಳವಿನ ಪ್ರಶ್ನೆಯೂ ಇದಕ್ಕೆ ಹತ್ತಿರದ್ದು. ಒಂದೇ ತಯಾರಕರ ಅನೇಕ ಕಾರ್ಟುಗಳಿಗೆ ಬಹುಕಾಲದಿಂದ ಒಂದೇ ಬಗೆಯ ಕೀಲಿ ಬಳಕೆಯಲ್ಲಿದೆ. ನೆರೆಯವರ ಕೀಲಿ ನಿಮ್ಮ ಬಂಡಿಯನ್ನೂ ಚಾಲೂ ಮಾಡಬಹುದು. ಕಾರ್ಟಿನ ಚೌಕಟ್ಟಿನ ಮೇಲೆ ತಯಾರಕರ ಕ್ರಮಸಂಖ್ಯೆ ಇರುತ್ತದೆಯಾದರೂ ಮಾಲೀಕತ್ವದ ಪತ್ರವೇ ಇಲ್ಲದ ವಸ್ತು ಕೈ ಬದಲಾಯಿಸಿದಾಗ ಹಳೆಯ ರಸೀದಿಯೊಂದೇ ಆಧಾರ, ಅದನ್ನು ಜೋಪಾನ ಮಾಡುವವರು ವಿರಳ. ಸಾವಿರಾರು ಡಾಲರ್ ಬೆಲೆ ಬಾಳುವ ವಾಹನಕ್ಕೆ ಇದು ಬಹಳ ತೆಳುವಾದ ರಕ್ಷೆ.

ಇಷ್ಟಾದರೂ ನೋಂದಣಿಗೆ ಎದುರಾಗುವ ಪ್ರತಿರೋಧವನ್ನು ಹಠವೆಂದು ತಳ್ಳಿಹಾಕುವುದು ಅನ್ಯಾಯ. ಆ ಪ್ರತಿರೋಧದ ತಳದಲ್ಲಿರುವುದು ಶುಲ್ಕದ ಚಿಂತೆಯಲ್ಲ, ಭಯ. ಫ್ಲಾರಿಡಾದಲ್ಲಿ 80 ವರ್ಷ ದಾಟಿದವರು ಚಾಲನಾ ಪರವಾನಗಿಯನ್ನು ನವೀಕರಿಸುವಾಗ ದೃಷ್ಟಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಕೆಲವರು ಆಗುವುದಿಲ್ಲ, ಇನ್ನು ಕೆಲವರು ವೈದ್ಯರ ಅಥವಾ ಮಕ್ಕಳ ಮಾತು ಕೇಳಿ ತಾವಾಗಿಯೇ ಕಾರಿನ ಕೀಲಿ ಕೆಳಗಿಡುತ್ತಾರೆ. ಅದು ಸಣ್ಣ ತ್ಯಾಗವಲ್ಲ. ಅರವತ್ತು ವರ್ಷ ತನ್ನಿಚ್ಛೆಯಂತೆ ಹೊರಟು, ತನ್ನಿಚ್ಛೆಯಂತೆ ಮರಳಿದ ಮನುಷ್ಯ ಆ ದಿನ ಸಂಜೆಯಿಂದ ಮತ್ತೊಬ್ಬರನ್ನು ಕಾಯಬೇಕಾಗುತ್ತದೆ. ನಿವೃತ್ತರ ಊರಿನ ದೊಡ್ಡ ಉಪಕಾರವೇನೆಂದರೆ ಅಲ್ಲಿ ಕಾರಿನ ಕೀಲಿ ಕೆಳಗಿಟ್ಟರೂ ಕಾರ್ಟಿನ ಕೀಲಿ ಉಳಿಯುತ್ತದೆ. ಗಂಡನನ್ನು ಕಳೆದುಕೊಂಡು ಒಬ್ಬರೇ ಇರುವ ಎಂಬತ್ತಮೂರರ ಮಹಿಳೆಗೆ ತಾನೇ ಹೋಗಿ ಔಷಧ ತರುವುದು, ಗೆಳತಿಯರೊಡನೆ ಇಸ್ಪೀಟಾಡಿ ಹಿಂದಿರುಗುವುದು ಊಟದಷ್ಟೇ ಅಗತ್ಯದ ಸಂಗತಿ. ಕಾರ್ಟು ಅಂಥವರ ಪಾಲಿಗೆ ಚಕ್ರವಿರುವ ಊರುಗೋಲು.

ಶಾಸಕರು ಇದನ್ನು ಅರಿಯದವರಲ್ಲ. 2023ರಲ್ಲಿ ಫ್ಲಾರಿಡಾ ತನ್ನ ಗಾಲ್ಫ್ ಕಾರ್ಟ್ ನಿಯಮವನ್ನು ಬಿಗಿಗೊಳಿಸಿತು. ಅದಕ್ಕೆ ಮೊದಲು 14 ವರ್ಷದ ಹುಡುಗನೂ ಸಾರ್ವಜನಿಕ ರಸ್ತೆಯಲ್ಲಿ ಕಾರ್ಟ್ ಓಡಿಸಬಹುದಾಗಿತ್ತು. ಈಗ 18 ತುಂಬದವರಿಗೆ ಕಲಿಕಾ ಪರವಾನಗಿ ಅಥವಾ ಪೂರ್ಣ ಪರವಾನಗಿ ಇರಬೇಕು. ಆದರೆ 18 ದಾಟಿದವರಿಂದ ಅದು ಕೇಳಿದ್ದು ಸರ್ಕಾರ ಕೊಟ್ಟ, ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಮಾತ್ರ. ಹದಿಹರೆಯದವರನ್ನು ಹದ್ದಿನಲ್ಲಿಟ್ಟು, ಕಾರಿನ ಪರವಾನಗಿ ಬಿಟ್ಟುಕೊಟ್ಟ ಹಿರಿಯರ ದಾರಿಯನ್ನು ತೆರೆದಿಟ್ಟ ಏರ್ಪಾಡು ಇದು. ನೋಂದಣಿ ಬಂದರೆ ಅದರ ಬೆನ್ನಿಗೇ ಪರವಾನಗಿಯೂ ಬರುತ್ತದೆ, ಆಗ ಈ ದಾರಿ ಮುಚ್ಚುತ್ತದೆ ಎಂದು ಹಿರಿಯರು ಅಂಜಿದರೆ, ಸನ್ ಸಿಟಿಯ ಉದಾಹರಣೆ ಕಣ್ಣೆದುರಿಗಿರುವಾಗ, ಆ ಅಂಜಿಕೆಗೆ ಆಧಾರವಿಲ್ಲವೆನ್ನಲಾಗದು.

ಕಾರ್ಟ್ ಓಡಿಸಲೂ ಕಣ್ಣು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಸುಮಾರು 1,000 ಪೌಂಡ್ ತೂಕದ, 20 ಮೈಲಿ ಮೀರದ ಬಂಡಿ ಮಾಡಬಹುದಾದ ಹಾನಿಯೂ, ಅದರ ಮೂರು ನಾಲ್ಕು ಪಟ್ಟು ತೂಗುವ ಕಾರು ಹೆದ್ದಾರಿಯ ವೇಗದಲ್ಲಿ ಮಾಡಬಹುದಾದ ಹಾನಿಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಕಾರ್ಟಿನ ದಾರಿಯನ್ನು ಕಠಿಣಗೊಳಿಸಿದರೆ, ಕಾರು ಬಿಡಬೇಕಾದ ಕೆಲವರು ಬಿಡದೆ ಅದರಲ್ಲಿಯೇ ಮುಂದುವರಿಯುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಗ ಊರಿನ ರಸ್ತೆಗಳು ಇನ್ನಷ್ಟು ಅಪಾಯಕರವಾಗುತ್ತವೆಯೇ ಹೊರತು ಸುರಕ್ಷಿತವಾಗುವುದಿಲ್ಲ.

ಹಾಗಾದರೆ ಬಂಡಿಗೆ ಸಂಖ್ಯೆ ಕೊಟ್ಟು ಮನುಷ್ಯನನ್ನು ಅವನ ಪಾಡಿಗೆ ಬಿಡಲು ಸಾಧ್ಯವೆ? ಇದಕ್ಕೆ ಹತ್ತಿರದ ಪ್ರಯೋಗಗಳು ಅಮೆರಿಕದಲ್ಲಿಯೇ ನಡೆದಿವೆ. ಟೆಕ್ಸಾಸಿನಲ್ಲಿ ಗಾಲ್ಫ್ ಕಾರ್ಟಿಗೆ ಮಾಲೀಕತ್ವದ ಪತ್ರವಿಲ್ಲ, ಕಾರಿನಂಥ ನೋಂದಣಿಯೂ ಇಲ್ಲ. ಆದರೆ ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ ಕಾರ್ಟಿಗೆಂದೇ ಇರುವ ನಂಬರ್ ಪ್ಲೇಟ್ ಬೇಕು, ಅದಕ್ಕೆ ಶುಲ್ಕ 10 ಡಾಲರ್. ಸೌತ್ ಕೆರೊಲಿನಾ 5 ಡಾಲರಿಗೆ ಐದು ವರ್ಷ ನಡೆಯುವ ಅನುಮತಿ ಚೀಟಿಯನ್ನು ಕೊಡುತ್ತದೆ ಮತ್ತು ಅದಕ್ಕೆ ಮುನ್ನ ವಿಮೆಯ ಪುರಾವೆ ಕೇಳುತ್ತದೆ. ಅಲ್ಲಿ ಕಾರ್ಟು ಸಾಮಾನ್ಯವಾಗಿ ಮನೆಯಿಂದ 4 ಮೈಲಿಯೊಳಗೆ, ವೇಗಮಿತಿ 35 ಮೈಲಿ ಮೀರದ ರಸ್ತೆಗಳಲ್ಲಿ ಓಡಾಡಬೇಕು. ಆದರೆ ಚಾಲನಾ ಪರವಾನಗಿಯನ್ನೂ ಅದು ಕಡ್ಡಾಯ ಮಾಡಿರುವುದರಿಂದ ಆ ಮಾದರಿಯನ್ನು ಇಡಿಯಾಗಿ ಒಪ್ಪಲು ನನಗೆ ಮನಸ್ಸಿಲ್ಲ. ಜಾರ್ಜಿಯಾದ ಪೀಚ್‌ಟ್ರೀ ಸಿಟಿ ನಿವೃತ್ತರ ಊರಲ್ಲ, ಶಾಲೆಗೆ ಹೋಗುವ ಹುಡುಗರೂ ಅಲ್ಲಿ ಕಾರ್ಟುಗಳಲ್ಲಿಯೇ ಓಡಾಡುತ್ತಾರೆ; ಆದರೂ ಅದರ ಅನುಭವ ಬೆಲೆಯುಳ್ಳದ್ದು. ಸುಮಾರು 100 ಮೈಲಿಯ ಕಾರ್ಟ್ ದಾರಿಗಳಿರುವ ಆ ಊರು ರಾಜ್ಯದ ವಾಹನ ಇಲಾಖೆಯನ್ನು ಕಾಯದೆ, ನಗರಾಡಳಿತದಲ್ಲಿಯೇ ಕಾರ್ಟುಗಳನ್ನು ನೋಂದಾಯಿಸಿ, ಸಂಖ್ಯೆಯುಳ್ಳ ಅಂಟುಚೀಟಿಯನ್ನು ಬಂಡಿಯ ಮೇಲೆ ಅಂಟಿಸುವ ಪದ್ಧತಿಯನ್ನು ಬೆಳೆಸಿಕೊಂಡಿದೆ. ಊರಿನ ಮಟ್ಟದ ನೋಂದಣಿ ಕಾರ್ಯಸಾಧ್ಯವಲ್ಲ ಎಂಬ ವಾದಕ್ಕೆ ಅದೇ ಉತ್ತರ.

ಕಾರ್ಟುಗಳನ್ನು ಸೀದಾ ಕಾರಿನ ಕಾಯ್ದೆಯೊಳಗೆ ಎಳೆದು ತರಬೇಕೆನ್ನುವವರು ಗಮನಿಸದ ಒಂದು ಅಂಶ ಫ್ಲಾರಿಡಾದ ವಿಮಾ ನಿಯಮದಲ್ಲಿದೆ. ಅಲ್ಲಿ ವಾಹನ ನೋಂದಣಿಗೆ ಬೇಕಾದ ಕನಿಷ್ಠ ವಿಮೆಯೆಂದರೆ ಸ್ವಂತ ಚಿಕಿತ್ಸೆಗೆ 10,000 ಡಾಲರ್, ಮತ್ತೊಬ್ಬರ ಆಸ್ತಿಗೆ ಆಗುವ ಹಾನಿಗೆ 10,000 ಡಾಲರ್. ಮತ್ತೊಬ್ಬರ ದೇಹಕ್ಕೆ ಆಗುವ ಗಾಯದ ಹೊಣೆಯನ್ನು ಹೊರುವ ವಿಮೆ ಸಾಮಾನ್ಯ ಮಾಲೀಕರಿಗೆ ನೋಂದಣಿಯ ಷರತ್ತಲ್ಲ. ಎಂದರೆ, ನಾಳೆಯೇ ಪ್ರತಿ ಕಾರ್ಟನ್ನೂ ಕಾರಿನಂತೆ ನೋಂದಾಯಿಸಿದರೂ ಸೊಂಟ ಮುರಿದುಕೊಂಡ ಆ ವೃದ್ಧೆಯ ಪರಿಹಾರಕ್ಕೆ ಗ್ಯಾರಂಟಿ ಸಿಗುವುದಿಲ್ಲ. ಊರಿನ ಹಿರಿಯರು ಕಾಗದಪತ್ರ, ವಾರ್ಷಿಕ ನವೀಕರಣ, ಕಚೇರಿಯ ಸಾಲು ಇವುಗಳ ಹೊರೆಯನ್ನು ಮಾತ್ರ ಹೊರುತ್ತಾರೆ. ಕಾರ್ಟಿಗೆ ಬೇಕಾದದ್ದು ಕಾರಿನ ವಿಮೆಯಲ್ಲ, ಪಾದಚಾರಿಗೆ ಆಗುವ ಗಾಯವನ್ನು ಮೊದಲು ನೆನೆದು ರೂಪಿಸಿದ ಹೊಣೆಗಾರಿಕೆಯ ವಿಮೆ.

ಇನ್ನು, ಇದನ್ನು ಮಾಡುವವರು ಯಾರು? ನಿವೃತ್ತರ ಊರು ಎಂದೊಡನೆ ಗೇಟಿನೊಳಗಿನ ಖಾಸಗಿ ಜಾಗವೆಂಬ ಚಿತ್ರ ಮನಸ್ಸಿಗೆ ಬರುತ್ತದೆ. ರಸ್ತೆಗಳು ನಿಜವಾಗಿಯೂ ನಿವಾಸಿಗಳ ಸಂಘದ ಸ್ವತ್ತಾಗಿದ್ದರೆ ಪ್ರಶ್ನೆ ಸರಳ: ಸಂಘ ತನ್ನ ನಿಯಮಾವಳಿಯಲ್ಲಿಯೇ ಸಂಖ್ಯೆಯನ್ನೂ ವಿಮೆಯನ್ನೂ ಬರೆದುಕೊಳ್ಳಬಹುದು, ರಾಜ್ಯದ ಕಾನೂನನ್ನು ಕಾಯಬೇಕಾಗಿಲ್ಲ. ದಿ ವಿಲೇಜಸ್‌ನ ಸ್ಥಿತಿ ಹಾಗಿಲ್ಲ. ಅಲ್ಲಿ ಗೇಟುಗಳಿದ್ದರೂ ರಸ್ತೆಗಳು ಸಾರ್ವಜನಿಕ; ಗುಂಡಿ ಒತ್ತಿದರೆ ಯಾರಿಗಾದರೂ ಗೇಟು ತೆರೆಯುತ್ತದೆ. ಕಾರ್ಟಿನ ದಾರಿಗಳು, ಕೊಳಗಳು, ಸಭಾಭವನಗಳ ಉಸ್ತುವಾರಿ ನೋಡುವ ಸಮುದಾಯ ಅಭಿವೃದ್ಧಿ ಜಿಲ್ಲೆಗಳು ಸೀಮಿತ ಉದ್ದೇಶದ ಸಂಸ್ಥೆಗಳು. ಸಂಚಾರ ನಿಯಮ ಹೇರಿ ದಂಡ ಹಾಕುವ ಪೊಲೀಸ್ ಅಧಿಕಾರ ಅವಕ್ಕಿಲ್ಲ. ಅದು ಶೆರಿಫ್ ಕಚೇರಿಯ ಕೆಲಸ. ಕಾರ್ಟಿನ ಚಾಲನೆ ಮತ್ತು ಉಪಕರಣಗಳ ಬಗೆಗೆ ರಾಜ್ಯಕ್ಕಿಂತ ಬಿಗಿಯಾದ ನಿಯಮ ಮಾಡಲು ಸ್ಥಳೀಯ ಸರ್ಕಾರಗಳಿಗೆ ರಾಜ್ಯದ ಕಾನೂನು ಅವಕಾಶ ಕೊಟ್ಟಿದೆ. ಆ ಅವಕಾಶ ನೋಂದಣಿಯವರೆಗೆ ಚಾಚುತ್ತದೆಯೇ ಎಂಬುದನ್ನು ವಾದಕ್ಕೆ ಬಿಡುವುದಕ್ಕಿಂತ ಶಾಸನಸಭೆಯೇ ಒಂದು ವಾಕ್ಯ ಸೇರಿಸಿ ಸ್ಪಷ್ಟಪಡಿಸುವುದು ಮೇಲು.

ಆ ವಾಕ್ಯ ಬಂದರೆ ಉಳಿದದ್ದನ್ನು ಹಗುರವಾಗಿಯೇ ಕಟ್ಟಬಹುದು. ಸಂಖ್ಯೆ ಬಂಡಿಗೆ ಸೇರಿದ್ದಾಗಿರಲಿ, ಒಮ್ಮೆ ಕೊಟ್ಟರೆ ಮಾರಾಟವಾಗುವವರೆಗೆ ನಡೆಯಲಿ. ಕಾರ್ಟನ್ನು ಮಾರುವ ಅಂಗಡಿಯೇ ಮಾರಾಟದ ಹೊತ್ತಿಗೆ ಅದನ್ನು ದಾಖಲಿಸಲಿ. ಈಗಾಗಲೇ ಕಾರ್ಟ್ ಹೊಂದಿದವರು ಕಚೇರಿಗೆ ಅಲೆಯದಂತೆ ಊರಿನ ಮನರಂಜನಾ ಕೇಂದ್ರಗಳಲ್ಲಿಯೇ ನೋಂದಣಿಯ ಮೇಜು ಹಾಕಿ, ಅಲ್ಲಿಯೇ ವೇಗವನ್ನೂ ಒಮ್ಮೆ ಅಳೆದು, 20 ಮೈಲಿ ಮೀರುವ ಬಂಡಿಗಳ ಮಾಲೀಕರಿಗೆ ದಂಡವಿಲ್ಲದೆ ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಬಹುದು. ವೇಗ ತಗ್ಗಿಸುವುದೋ, ಬೇಕಾದ ಉಪಕರಣ ಅಳವಡಿಸಿ ಕಡಿಮೆ ವೇಗದ ವಾಹನವಾಗಿ ಪರಿವರ್ತಿಸಿಕೊಳ್ಳುವುದೋ ಅವರ ಆಯ್ಕೆ. ಆ ಪರಿವರ್ತನೆಗೆ ಫ್ಲಾರಿಡಾದಲ್ಲಿ ಈಗಲೇ ವಿಧಾನವಿದೆ. ಬಾಡಿಗೆಗೆ ಕೊಡುವ ಕಾರ್ಟುಗಳು ಈ ಪಟ್ಟಿಗೆ ಮೊದಲು ಬರಬೇಕು, ಏಕೆಂದರೆ ಅವುಗಳನ್ನು ಓಡಿಸುವವರು ದಾರಿಯೂ ಬಂಡಿಯೂ ಎರಡೂ ಹೊಸತಾದ ಅತಿಥಿಗಳು. ಮತ್ತು 2023ರ ಕಾನೂನು ಹಿರಿಯರಿಗೆ ಬಿಟ್ಟುಕೊಟ್ಟ ದಾರಿಯನ್ನು ಈ ಸಂಖ್ಯೆ ಮುಚ್ಚಲಾಗದು, ನೋಂದಣಿಗೆ ಚಾಲನಾ ಪರವಾನಗಿಯನ್ನು ಷರತ್ತಾಗಿಸಲಾಗದು ಎಂಬುದನ್ನು ಕಾಯ್ದೆಯಲ್ಲಿಯೇ ಬರೆಯಬೇಕು. ಭರವಸೆಯ ಮಾತಿನಲ್ಲಿ ಅಲ್ಲ.

ಕಷ್ಟವಿರುವುದು ಪಟ್ಟಿಯನ್ನು ಇಡುವಲ್ಲಿ. ಒಬ್ಬ ನಿವಾಸಿ ಬೆಳಿಗ್ಗೆ ಲೇಕ್ ಕೌಂಟಿಯ ಮನೆಯಿಂದ ಹೊರಟು, ಮಧ್ಯಾಹ್ನದೊಳಗೆ ಸಮ್ಟರ್ ಕೌಂಟಿಯ ಚೌಕದಲ್ಲಿ ಊಟ ಮುಗಿಸಿ, ಸಂಜೆ ಮೇರಿಯನ್ ಕೌಂಟಿಯ ಗೆಳೆಯನ ಮನೆಗೆ ಹೋಗಿಬರಬಹುದು. ನಡುವೆ ಒಂದೆರಡು ನಗರಸಭೆಗಳ ಗಡಿಯನ್ನೂ ದಾಟಿರಬಹುದು. ದಾರಿ ಒಂದೇ ಆಗಿದ್ದು ಪಟ್ಟಿಗಳು ಮೂರಾದರೆ, ಒಂದು ಕೌಂಟಿಯ ಸಂಖ್ಯೆಯನ್ನು ಇನ್ನೊಂದು ಕೌಂಟಿಯ ಸಿಬ್ಬಂದಿ ಓದಿಯೂ ಮಾಲೀಕರನ್ನು ಹುಡುಕಲಾಗದೆ ಹೋಗುತ್ತದೆ. ಆದ್ದರಿಂದ ಮೊದಲ ಅಂಟುಚೀಟಿ ಅಚ್ಚಾಗುವ ಮುನ್ನ ಮೂರೂ ಕೌಂಟಿಗಳ ಆಯುಕ್ತರು, ಮೂವರೂ ಶೆರಿಫರು ಒಂದೇ ಪಟ್ಟಿಗೆ ಸಹಿ ಹಾಕಿರಬೇಕು.